ಕರಿಯರ ಕೇರಿಯ ಹಬ್ಬ: ದುಡ್ಡು ಯಾರದು, ನೆನಪು ಯಾರದು?

1

ಹೋದ ವರ್ಷ ನಮ್ಮ ಹಾಸ್ಟೆಲ್ ಹುಡುಗರಿಗೆ ಒಂದು ಸಿನಿಮಾ ತೋರಿಸಿದೆ. 'ಸಮ್ಮರ್ ಆಫ್ ಸೋಲ್' ಅಂತ, 2021ರಲ್ಲಿ ಬಂದದ್ದು. 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಎಂಬ ಕರಿಯರ ಬಡಾವಣೆಯ ಒಂದು ಪಾರ್ಕಿನಲ್ಲಿ ನಡೆದ ಸಂಗೀತೋತ್ಸವದ ಚಿತ್ರ ಅದು. ಊಟದ ಹಾಲಿನ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಮೊದಲಿಗೇ ಸ್ಟೀವಿ ವಂಡರ್ ಡ್ರಮ್ ಬಾರಿಸುವ ದೃಶ್ಯ ಬರುತ್ತದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗನ ಬೆರಳು ತಾನಾಗಿಯೇ ಬೆಂಚಿನ ಮೇಲೆ ಆಡತೊಡಗಿತು. ಅವನು ತಮಟೆ ಬಾರಿಸುವವನು.

ಸಿನಿಮಾ ಮುಗಿದ ಮೇಲೆ ಕಪ್ಪು ಅಸ್ಮಿತೆ, ಪ್ರತಿರೋಧದ ಸೌಂದರ್ಯ ಅಂತೆಲ್ಲ ಮಾತಾಡಲು ನಾನು ಟಿಪ್ಪಣಿ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಅವನು ಎದ್ದು ನಿಂತು, "ಸಾರ್, ಇದ್ಕೆಲ್ಲ ದುಡ್ಡು ಕೊಟ್ಟೋರು ಯಾರು?" ಅಂದ. ಅವನ ಪಕ್ಕದವನು, "ಐವತ್ತು ವರ್ಷ ಇದು ಎಲ್ಲಿತ್ತು ಸಾರ್?" ಅಂದ.

ನನ್ನ ಟಿಪ್ಪಣಿಯಲ್ಲಿ ಈ ಎರಡೂ ಪ್ರಶ್ನೆಗೆ ಉತ್ತರ ಇರಲಿಲ್ಲ. ಮೊದಲನೆಯವನು ಉತ್ಸವಗಳ ಮೆರವಣಿಗೆಯಲ್ಲಿ ಬಾರಿಸಿ ಬಂದವನು. ಬೀದಿಯುದ್ದಕ್ಕೂ ಎಲ್ಲರಿಗಿಂತ ಮುಂದೆ ನಡೆದು, ವೇದಿಕೆ ಹತ್ತಿರ ಬಂದಕೂಡಲೇ "ನೀವು ಆ ಕಡೆ ನಿಂತ್ಕೊಳ್ರಪ್ಪ" ಎನ್ನಿಸಿಕೊಂಡವನು. ಗೌರವಧನಕ್ಕೆ ತಿಂಗಳುಗಟ್ಟಲೆ ಅಲೆದವನು. ಉತ್ಸವ ಎಂದರೆ ಅವನಿಗೆ ಪ್ರತಿರೋಧಕ್ಕಿಂತ ಮೊದಲು ವೋಚರು ನೆನಪಾಗುತ್ತದೆ. ನನ್ನ ಎಂ.ಎ. ಓದು ಮರೆಸಿದ್ದ ಪ್ರಶ್ನೆಯನ್ನು ಅವನ ಅನುಭವ ಎತ್ತಿ ಕೊಟ್ಟಿತು. ಆ ರಾತ್ರಿ ಕೊಡಲಾಗದೆ ಹೋದ ಉತ್ತರವನ್ನು ಈ ಲೇಖನದಲ್ಲಿ ಕೊಡಲು ನೋಡುತ್ತೇನೆ.

2

ನಮ್ಮ ವಿಮರ್ಶೆಯ ಸಂಚಿಕೆಯಲ್ಲಿ ಹಾರ್ಲೆಮ್ ಯಾಕೆ ಬರಬೇಕು ಎಂದು ಕೇಳುವವರಿದ್ದಾರೆ. ಬಾಬಾಸಾಹೇಬರು ಅದರ ನೆರೆಯಲ್ಲೇ ಓದಿದವರು ಎಂಬುದು ಮೊದಲ ಉತ್ತರ. 1913ರಿಂದ 1916ರವರೆಗೆ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಅದು ಮಾರ್ನಿಂಗ್‌ಸೈಡ್ ಎಂಬ ದಿಬ್ಬದ ಮೇಲಿದೆ. ದಿಬ್ಬ ಇಳಿದರೆ ಒಂದು ಪಾರ್ಕು, ಪಾರ್ಕು ದಾಟಿದರೆ ಹಾರ್ಲೆಮ್. ಮುಂದೆ 1946ರಲ್ಲಿ ಅವರು ಕಪ್ಪು ಚಿಂತಕ ಡು ಬಾಯ್ಸ್‌ಗೆ ಪತ್ರ ಬರೆದರು. ಅಸ್ಪೃಶ್ಯರ ಸ್ಥಿತಿಗೂ ನೀಗ್ರೋಗಳ ಸ್ಥಿತಿಗೂ ಎಷ್ಟು ಹೋಲಿಕೆಯಿದೆಯೆಂದರೆ ಅದನ್ನು ಅಭ್ಯಾಸ ಮಾಡುವುದು ಸಹಜ ಮಾತ್ರವಲ್ಲ, ಅಗತ್ಯ ಎನ್ನುವುದು ಆ ಪತ್ರದ ತಾತ್ಪರ್ಯ. ನೀಗ್ರೋಗಳು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕೆಂದು ಅವರು ಅದರಲ್ಲಿ ಕೇಳಿದ್ದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು 'ದಲಿತ ಪ್ಯಾಂಥರ್ಸ್' ಎಂದು ಹೆಸರಿಟ್ಟುಕೊಂಡಾಗ ಈ ಹೋಲಿಕೆ ಬೀದಿಗೂ ಬಂತು.

ಹಾಗಂತ ಹಾರ್ಲೆಮನ್ನು ನಮ್ಮ ಹೊಲಗೇರಿಯ ಪಡಿಯಚ್ಚು ಎಂದುಕೊಳ್ಳುವುದು ತಪ್ಪಾಗುತ್ತದೆ. ನಮ್ಮನ್ನು ಊರ ಹೊರಗೆ ಇಟ್ಟರು. ಅವರನ್ನು ಊರೊಳಗೇ ಬಾಡಿಗೆಯ ಗೆರೆ ಎಳೆದು ಕೂಡಿಹಾಕಿದರು. ಹಾರ್ಲೆಮಿನ ಒಳ್ಳೊಳ್ಳೆ ಕಲ್ಲು ಮನೆಗಳು ಕರಿಯರಿಗೆಂದು ಕಟ್ಟಿದವಲ್ಲ, ಬಿಳಿಯ ಮಧ್ಯಮ ವರ್ಗಕ್ಕೆ ಕಟ್ಟಿದವು. 1904ರಲ್ಲಿ ನೆಲದಡಿಯ ರೈಲು ಬರುತ್ತದೆಂದು ಬಿಲ್ಡರುಗಳು ಅಗತ್ಯಕ್ಕಿಂತ ಹೆಚ್ಚು ಮನೆ ಕಟ್ಟಿ ಕೈಸುಟ್ಟುಕೊಂಡರು. ಫಿಲಿಪ್ ಪೇಟನ್ ಎಂಬ ಕಪ್ಪು ದಲ್ಲಾಳಿ ಖಾಲಿ ಬಿದ್ದ ಮನೆಗಳಿಗೆ ಕಪ್ಪು ಬಾಡಿಗೆದಾರರನ್ನು ತಂದ. ಆಮೇಲೆ ದಕ್ಷಿಣದ ಹತ್ತಿ ಹೊಲಗಳಿಂದ, ಕೆರಿಬಿಯನ್ ದ್ವೀಪಗಳಿಂದ ಜನ ಬಂದರು. ಬೇರೆ ಕಡೆ ಮನೆ ಸಿಗದ ಇವರಿಂದ ಮಾಲೀಕರು ಬಿಳಿಯರಿಗಿಂತ ಹೆಚ್ಚಿನ ಬಾಡಿಗೆ ವಸೂಲಿ ಮಾಡಿದರು. ಕೇರಿ ಹೀಗೆ ಹುಟ್ಟಿತು.

ಈ ಕೇರಿಯ ಹಬ್ಬಗಳು ಶುರುವಾದದ್ದು ವೇದಿಕೆಯಲ್ಲಲ್ಲ, ನಡಿಗೆಯಲ್ಲಿ. 1917ರ ಜುಲೈ 28ರಂದು ಸುಮಾರು 10,000 ಕಪ್ಪು ಜನ ನ್ಯೂಯಾರ್ಕಿನ ಐದನೇ ಅವೆನ್ಯೂದಲ್ಲಿ ತುಟಿ ಬಿಚ್ಚದೆ ನಡೆದರು. ಈಸ್ಟ್ ಸೇಂಟ್ ಲೂಯಿಸ್ ಎಂಬಲ್ಲಿ ಬಿಳಿಯರ ಗುಂಪು ಕರಿಯರನ್ನು ಕೊಂದದ್ದಕ್ಕೆ ಅದು ಪ್ರತಿಭಟನೆ. ಹೆಂಗಸರು ಮಕ್ಕಳು ಬಿಳಿ ಬಟ್ಟೆಯಲ್ಲಿ, ಗಂಡಸರು ಕಪ್ಪು ಬಟ್ಟೆಯಲ್ಲಿ. ಸದ್ದು ತಗ್ಗಿಸಿದ ಡ್ರಮ್ ಬಿಟ್ಟರೆ ಬೇರೆ ಶಬ್ದವಿಲ್ಲ. ಸಾವಿನ ಮುಂದೆ ಬಾರಿಸುವುದು ಗೊತ್ತಿರುವ ನಮಗೆ ಆ ಡ್ರಮ್ಮಿನ ಅರ್ಥ ಬಿಡಿಸಿ ಹೇಳಬೇಕಿಲ್ಲ.

1919ರ ಫೆಬ್ರವರಿ 17ರಂದು ಅದೇ ಬೀದಿಯಲ್ಲಿ ಇನ್ನೊಂದು ನಡಿಗೆ. 369ನೇ ಕಾಲ್ದಳ, ಅಂದರೆ ಹಾರ್ಲೆಮಿನ ಕಪ್ಪು ಸೈನಿಕರು, ಯುರೋಪಿನ ಯುದ್ಧದಿಂದ ಮರಳಿದ ದಿನ. 191 ದಿನ ಮುಂಚೂಣಿಯಲ್ಲಿದ್ದವರು. ಯುದ್ಧಕ್ಕೆ ಹೋಗುವಾಗ ಬೀಳ್ಕೊಡುಗೆಯ ಮೆರವಣಿಗೆಯಲ್ಲಿ ಇವರಿಗೆ ಜಾಗ ಕೊಟ್ಟಿರಲಿಲ್ಲ. ಆ ಮೆರವಣಿಗೆ 'ಕಾಮನಬಿಲ್ಲು' ಎಂಬ ಹೆಸರಿನ ತುಕಡಿಯದು, ಕಾಮನಬಿಲ್ಲಿನಲ್ಲಿ ಕಪ್ಪು ಬಣ್ಣವಿಲ್ಲ ಎಂದರಂತೆ. ಮರಳಿ ಬಂದಾಗ ಶ್ರೀಮಂತರ ಬೀದಿಯಲ್ಲಿ ಜೇಮ್ಸ್ ರೀಸ್ ಯುರೋಪ್ ಅವರ ಬ್ಯಾಂಡು ಮಿಲಿಟರಿ ಶಿಸ್ತಿನಲ್ಲಿ ನುಡಿಸಿಕೊಂಡು ಬಂತು. ಹಾರ್ಲೆಮಿನೊಳಗೆ ಕಾಲಿಟ್ಟದ್ದೇ ತಡ, ಕೇರಿಯವರಿಗೆ ಗೊತ್ತಿದ್ದ ಧಾಟಿಗೆ ಹೊರಳಿತು. ಅವರ ಉತ್ಸವಗಳ ಚರಿತ್ರೆಯೆಲ್ಲ ಈ ಹೊರಳುವಿಕೆಯಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಪ್ರಭುತ್ವ ಕೊಟ್ಟ ಸಮವಸ್ತ್ರ, ಪ್ರಭುತ್ವ ಕೊಟ್ಟ ಬೀದಿ, ಆದರೆ ತನ್ನ ಜನರ ಮುಂದೆ ಬಂದಾಗ ಧಾಟಿ ಬೇರೆ.

3

1920ರ ದಶಕದ 'ಹಾರ್ಲೆಮ್ ನವೋದಯ'ದ ಬಗ್ಗೆ ನಮ್ಮ ವಿಮರ್ಶಕರು ಆಗಾಗ ಹೇಳುತ್ತಾರೆ. ಅಲೈನ್ ಲಾಕ್ 1925ರಲ್ಲಿ ಸಂಪಾದಿಸಿದ 'ದ ನ್ಯೂ ನೀಗ್ರೊ', ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್ಟನ್ ಇತ್ಯಾದಿ. ಅದರ ಮಗ್ಗುಲಲ್ಲೇ ಇದ್ದ ಕಾಟನ್ ಕ್ಲಬ್ಬಿನ ಬಗ್ಗೆ ಕಡಿಮೆ ಹೇಳುತ್ತಾರೆ. ಅದು ಹಾರ್ಲೆಮಿನ ನಡುಮಧ್ಯೆ, ಲೆನಕ್ಸ್ ಅವೆನ್ಯೂದಲ್ಲಿತ್ತು. ಕುಣಿಯುವವರು, ಹಾಡುವವರು, ಬಡಿಸುವವರು ಕರಿಯರು. ಕೂತು ನೋಡುವವರು ಬಿಳಿಯರು. ಡ್ಯೂಕ್ ಎಲಿಂಗ್ಟನ್ 1927ರಿಂದ ಅಲ್ಲಿ ನುಡಿಸಿದರು, ಆದರೆ ಅವರ ನೆರೆಹೊರೆಯವರಿಗೆ ಅಲ್ಲಿ ಗಿರಾಕಿಗಳಾಗಿ ಕೂರಲು ಅವಕಾಶವಿರಲಿಲ್ಲ. ಕಲೆ ಬೇಕು, ಕಲಾವಿದನ ನೆಂಟರು ಬೇಡ. ಈ ರುಚಿಯ ಪರಿಚಯ ನಮಗೆ ಹೊಸದಲ್ಲ.

ಇದಕ್ಕೆ ಎದುರಾಗಿ ಎರಡು ಕೆಲಸಗಳನ್ನು ಇಡುತ್ತೇನೆ. ಒಂದು, ಕಿರುಪತ್ರಿಕೆ ನಡೆಸುವವರೆಲ್ಲ ತಿಳಿದಿರಬೇಕಾದ 'ಫೈರ್!!' ಎಂಬ ಪತ್ರಿಕೆ. 1926ರಲ್ಲಿ ವ್ಯಾಲೇಸ್ ಥರ್ಮನ್, ಹ್ಯೂಸ್, ಹರ್ಸ್ಟನ್, ಏರನ್ ಡಗ್ಲಸ್ ಮುಂತಾದ ಏಳು ಮಂದಿ ಹುಡುಗರು ಹಿರಿಯರ ಹಂಗಿಲ್ಲದೆ ಬರೆಯಬೇಕೆಂದು ಇದನ್ನು ಮಾಡಿದರು. ಬಂದದ್ದು ಒಂದೇ ಸಂಚಿಕೆ. ಮಾರಾಟವಾಗದೆ ಉಳಿದ ಪ್ರತಿಗಳು ನೆಲಮಾಳಿಗೆಯಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋದವು. ಮುದ್ರಕನ ಬಾಕಿಯನ್ನು ಥರ್ಮನ್ ಸಂಬಳದಲ್ಲಿ ವರ್ಷಗಟ್ಟಲೆ ತೀರಿಸಬೇಕಾಯಿತು. ಪತ್ರಿಕೆಯ ಹೆಸರಿನ ಅರ್ಥ ಬೆಂಕಿ ಎಂಬುದನ್ನು ನೆನೆದು ನಗಬೇಕೋ ಅಳಬೇಕೋ ತಿಳಿಯದು.

ಇನ್ನೊಂದು ಆರ್ಟುರೊ ಶಾಂಬರ್ಗ್ ಎಂಬಾತನ ಕೆಲಸ. ಪೋರ್ಟೊರಿಕೊದಲ್ಲಿ ಹುಟ್ಟಿದವರು, ನ್ಯೂಯಾರ್ಕಿನ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡಿದವರು. ಕರಿಯರಿಗೆ ಚರಿತ್ರೆಯಿಲ್ಲ ಎಂದು ಶಾಲೆಯಲ್ಲಿ ಮೇಷ್ಟರೊಬ್ಬರು ಹೇಳಿದ್ದು ಇವರನ್ನು ಜೀವನವಿಡೀ ಕಾಡಿತು ಎನ್ನುತ್ತಾರೆ. ಸಂಬಳದಲ್ಲಿ ಉಳಿಸಿ ಉಳಿಸಿ ಕಪ್ಪು ಜನರ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಕೂಡಿಟ್ಟರು. 5,000ಕ್ಕೂ ಹೆಚ್ಚು ಪುಸ್ತಕಗಳಿದ್ದ ಆ ಸಂಗ್ರಹವನ್ನು 1926ರಲ್ಲಿ ಕಾರ್ನೆಗಿ ಸಂಸ್ಥೆಯ 10,000 ಡಾಲರಿನಿಂದ ಕೊಂಡು ಹಾರ್ಲೆಮಿನದೇ 135ನೇ ಬೀದಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಇಟ್ಟರು. ಗಮನಿಸಿ: ದುಡ್ಡು ಬಿಳಿಯ ಬಂಡವಾಳಿಗನದು. ಆದರೆ ಪೆಟ್ಟಿಗೆ ಕೇರಿಯೊಳಗೇ ಉಳಿಯಿತು. 1932ರಿಂದ ಸಾಯುವವರೆಗೆ ಶಾಂಬರ್ಗ್ ಅವರೇ ಅದರ ಮೇಲ್ವಿಚಾರಕರಾಗಿದ್ದರು. ಅವರ ಹೆಸರಿನ ಆ ಕೇಂದ್ರ ಇವತ್ತೂ ಅಲ್ಲೇ ಇದೆ.

ಪೆಟ್ಟಿಗೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಗಸ್ಟಾ ಸ್ಯಾವೇಜ್ ಎಂಬ ಹಾರ್ಲೆಮಿನ ಶಿಲ್ಪಿಯ ಕತೆ ಕೇಳಿ. 1939ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಆಕೆ 16 ಅಡಿ ಎತ್ತರದ ಒಂದು ಶಿಲ್ಪ ಮಾಡಿದರು. ಹಾಡುವ ಕಪ್ಪು ಮಕ್ಕಳು ಸಾಲಾಗಿ ನಿಂತು ಹಾರ್ಪ್ ವಾದ್ಯದ ತಂತಿಗಳಾಗಿರುವ ಶಿಲ್ಪ. ಜನ ಮುಗಿಬಿದ್ದು ನೋಡಿದರು, ಅದರ ಪುಟ್ಟ ಪ್ರತಿಗಳು ಮಾರಾಟವಾದವು. ಆದರೆ ಅದು ಗಾರೆಯಲ್ಲಿ ಮಾಡಿದ್ದು. ಕಂಚಿನಲ್ಲಿ ಎರಕ ಹೊಯ್ಯಿಸಲು, ಬೇರೆಡೆ ಸಾಗಿಸಿ ಇಡಲು ದುಡ್ಡು ಸಿಗಲಿಲ್ಲ. ಮೇಳ ಮುಗಿದ ಮೇಲೆ ಬುಲ್ಡೋಜರಿನಿಂದ ಒಡೆದು ಹಾಕಿದರು. ಉತ್ಸವಕ್ಕೆ ಕರೆದರು, ಮೆಚ್ಚಿದರು, ಒಡೆದರು. ಮೂರಕ್ಕೂ ಯಾರಿಗೂ ಸಿಟ್ಟಿರಬೇಕಾದ ಅಗತ್ಯವೇ ಇರಲಿಲ್ಲ.

4

ಈಗ ಹುಡುಗ ಕೇಳಿದ 1969ಕ್ಕೆ ಬರೋಣ.

1964ರ ಜುಲೈನಲ್ಲಿ ಜೇಮ್ಸ್ ಪವೆಲ್ ಎಂಬ ಹದಿನೈದು ವರ್ಷದ ಕಪ್ಪು ಹುಡುಗನನ್ನು ಬಿಳಿಯ ಪೊಲೀಸ್ ಅಧಿಕಾರಿ ಗುಂಡಿಟ್ಟು ಕೊಂದ. ಹಾರ್ಲೆಮ್ ಹೊತ್ತಿ ಉರಿಯಿತು. 1965ರಲ್ಲಿ ಮಾಲ್ಕಂ ಎಕ್ಸ್ ಕೊಲೆಯಾಯಿತು. 1967ರಲ್ಲಿ ನೂವರ್ಕ್‌ನಲ್ಲಿ 26 ಜನ, ಡೆಟ್ರಾಯಿಟ್‌ನಲ್ಲಿ 43 ಜನ ಸತ್ತರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು. ಬೇಸಿಗೆ ಬಂತೆಂದರೆ ಅಮೆರಿಕದ ನಗರಾಡಳಿತಗಳಿಗೆ ನಡುಕ. ಹುಡುಗರಿಗೆ ರಜೆ, ಕೆಲಸವಿಲ್ಲ, ಮನೆಯೊಳಗೆ ಧಗೆ, ಎಲ್ಲರೂ ಬೀದಿಯಲ್ಲಿ. ಅದಕ್ಕೇ ಬಡತನ ನಿರ್ಮೂಲನೆಯ ಹಣದಲ್ಲಿ ಒಂದು ಪಾಲು ಬೇಸಿಗೆಯ ಕಾರ್ಯಕ್ರಮಗಳಿಗೆ ಹೋಗತೊಡಗಿತು. ಹಾಡು, ಕುಣಿತ, ನಾಟಕ.

ಈ ದುಡ್ಡಿನಲ್ಲಿ ಮೊದಲು ಕೈಯಿಟ್ಟವರಲ್ಲಿ ಕವಿ ಲೆರಾಯ್ ಜೋನ್ಸ್, ಮುಂದೆ ಅಮಿರಿ ಬರಾಕ ಎಂದು ಹೆಸರಾದವರು, ಒಬ್ಬರು. 1965ರಲ್ಲಿ ಅವರು ಹಾರ್ಲೆಮಿನ 130ನೇ ಬೀದಿಯಲ್ಲಿ ಕಪ್ಪು ಕಲೆಗಳ ರಂಗಶಾಲೆ ತೆರೆದರು. ಆ ಬೇಸಿಗೆಯಲ್ಲಿ ಸರ್ಕಾರದ ಬಡತನ ನಿವಾರಣಾ ಹಣದಿಂದಲೇ ಬೀದಿ ಬೀದಿಯಲ್ಲಿ ನಾಟಕ, ಕವಿತೆ, ಜಾಝ್ ಮಾಡಿದರು. ಬಿಳಿಯರ ವಿರುದ್ಧ ಮಾತಾಡಲು ಸರ್ಕಾರದ ದುಡ್ಡೇ ಎಂಬ ಗುಲ್ಲೆದ್ದಿತು, ದುಡ್ಡು ನಿಂತಿತು, ರಂಗಶಾಲೆ ವರ್ಷ ಕಳೆಯುವಷ್ಟರಲ್ಲಿ ಮುಚ್ಚಿತು. ಕೊಟ್ಟ ಕೈ ಎಷ್ಟು ಉದ್ದದ ಹಗ್ಗ ಬಿಟ್ಟಿತ್ತು ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಹಾರ್ಲೆಮ್ ಕಲ್ಚರಲ್ ಫೆಸ್ಟಿವಲ್ ಶುರುವಾದದ್ದು 1967ರಲ್ಲಿ, ಅಂದರೆ ಡೆಟ್ರಾಯಿಟ್ ಉರಿದ ವರ್ಷವೇ. ಕಟ್ಟಿದವರು ಟೋನಿ ಲಾರೆನ್ಸ್ ಎಂಬ ಕಪ್ಪು ಗಾಯಕ. ಬೆನ್ನಿಗಿದ್ದದ್ದು ನಗರದ ಪಾರ್ಕ್ ಇಲಾಖೆ. 1969ರಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಎಂಬ ಕಾಫಿ ಕಂಪನಿ ಪ್ರಾಯೋಜಕನಾಯಿತು. ಆ ವರ್ಷ ಜೂನ್ 29ರಿಂದ ಆಗಸ್ಟ್ 24ರ ನಡುವೆ ಆರು ಭಾನುವಾರ ಮೌಂಟ್ ಮಾರಿಸ್ ಪಾರ್ಕಿನಲ್ಲಿ ಪುಕ್ಕಟೆ ಸಂಗೀತ. ಒಟ್ಟು ಸುಮಾರು 3,00,000 ಜನ ಬಂದರು ಎಂಬ ಅಂದಾಜು. ಮೇಯರ್ ಜಾನ್ ಲಿಂಡ್ಸೆ ವೇದಿಕೆ ಹತ್ತಿ ಕೈಬೀಸಿದರು. ಜನ ಚಪ್ಪಾಳೆ ಹೊಡೆದರು. ಈ ಲಿಂಡ್ಸೆ ಯಾರು? 1967ರ ದಂಗೆಗಳ ಕಾರಣ ಹುಡುಕಲು ನೇಮಿಸಿದ ಕರ್ನರ್ ಆಯೋಗದ ಉಪಾಧ್ಯಕ್ಷರು. ದಂಗೆಯ ವರದಿಗೆ ಸಹಿ ಹಾಕಿದ ಕೈಯೇ ಹಬ್ಬದಲ್ಲಿ ಕೈಬೀಸಿತು. ಹಾಗಾಗಿ ಹುಡುಗನ ಮೊದಲ ಪ್ರಶ್ನೆಗೆ ನೇರ ಉತ್ತರ: ದುಡ್ಡು ಕೊಟ್ಟದ್ದು ಬೆಂಕಿಗೆ ಹೆದರಿದ ನಗರಾಡಳಿತ, ಮತ್ತು ಕಾಫಿ ಮಾರಬೇಕಿದ್ದ ಕಂಪನಿ.

ಇಷ್ಟು ಹೇಳಿ ಕೈತೊಳೆದುಕೊಂಡರೆ ನಮ್ಮ ಕೆಲವು ಚಳವಳಿ ಗೆಳೆಯರಿಗೆ ಖುಷಿಯಾಗುತ್ತದೆ. "ನೋಡಿ, ಉತ್ಸವ ಅಂದ್ರೇನೇ ಪ್ರಭುತ್ವದ ಗಾಳ" ಎನ್ನುತ್ತಾರೆ. ಗಾಳ ಹೌದು. ಆದರೆ ಮೀನು ಏನು ಮಾಡಿತು ನೋಡಿ.

ಉತ್ಸವಕ್ಕೆ ಕಾವಲು ನಿಂತವರಲ್ಲಿ ಬ್ಲ್ಯಾಕ್ ಪ್ಯಾಂಥರ್‌ಗಳಿದ್ದರು. ಅದೇ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ 21 ಮಂದಿ ಪ್ಯಾಂಥರ್‌ಗಳ ಮೇಲೆ ಬಾಂಬಿನ ಸಂಚಿನ ಮೊಕದ್ದಮೆ ಹೂಡಲಾಗಿತ್ತು. ವಿಚಾರಣೆಗೆ ನಿಂತವರೆಲ್ಲ 1971ರಲ್ಲಿ ಖುಲಾಸೆಯಾದರು. ಯಾರನ್ನು ಜನರಿಗೆ ಅಪಾಯ ಎಂದು ಪ್ರಭುತ್ವ ಹೇಳುತ್ತಿತ್ತೋ ಅವರ ಸಂಗಾತಿಗಳ ಕಾವಲಿನಲ್ಲಿ ಜನ ಮಕ್ಕಳುಮರಿ ಕಟ್ಟಿಕೊಂಡು ಬಂದು ಕೂತರು. ಜೆಸ್ಸಿ ಜಾಕ್ಸನ್ ಕಿಂಗ್ ಅವರ ಕೊನೆಯ ಗಳಿಗೆಗಳನ್ನು ನೆನೆದರು. ಕಿಂಗ್ ಅವರಿಗೆ ಪ್ರಿಯವಾಗಿದ್ದ ಪ್ರಾರ್ಥನೆಯನ್ನು ಮಹೇಲಿಯಾ ಜಾಕ್ಸನ್ ಮತ್ತು ಯುವತಿ ಮೇವಿಸ್ ಸ್ಟೇಪಲ್ಸ್ ಒಂದೇ ಮೈಕಿನಲ್ಲಿ ಹಾಡಿದರು. ಕಿಂಗ್ ಸತ್ತು ಹದಿನೈದು ತಿಂಗಳಾಗಿತ್ತು. ಬಹಿರಂಗವಾಗಿ ಅಳಲು ಕೇರಿಗೆ ಒಂದು ಜಾಗ ಬೇಕಿತ್ತು, ಅದು ಸಿಕ್ಕಿತು. ನೀನಾ ಸಿಮೋನ್ ಹಾಡು ಮುಗಿಸಿ, ಮುಂದಿನದಕ್ಕೆ ನೀವು ತಯಾರಿದ್ದೀರಾ ಎಂದು ಜನರನ್ನೇ ಕೇಳಿದರು. ಕಾಫಿ ಕಂಪನಿಯ ಒಪ್ಪಂದದಲ್ಲಿ ಆ ಪ್ರಶ್ನೆ ಇದ್ದಿರಲಾರದು.

ಜುಲೈ 20ರ ಭಾನುವಾರ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಟಿ.ವಿ. ವರದಿಗಾರರು ಪಾರ್ಕಿಗೆ ಬಂದು ಅಭಿಪ್ರಾಯ ಕೇಳಿದರು. ಆ ದುಡ್ಡಿನಲ್ಲಿ ಹಾರ್ಲೆಮಿನ ಹಸಿದವರಿಗೆ ಊಟ ಹಾಕಬಹುದಿತ್ತು ಎಂದು ಜನ ತಣ್ಣಗೆ ಹೇಳಿದರು. ಹಬ್ಬಕ್ಕೆ ಬಂದ ಮಾತ್ರಕ್ಕೆ ಅವರ ಲೆಕ್ಕ ತಪ್ಪಿರಲಿಲ್ಲ.

ನಮ್ಮ ಗಾಳವಾದಿಗಳು ಹೇಳುವುದೂ ಸಾಲದು, 'ಜನಪದ ಸಂಭ್ರಮ' ಎಂದು ಕಣ್ಣರಳಿಸುವ ಜಾನಪದ ವಿದ್ವಾಂಸರು ಹೇಳುವುದೂ ಸಾಲದು ಎಂದು ನಾನು ವಾದಿಸುವುದು ಇದಕ್ಕೇ. ಮೊದಲನೆಯವರು ದುಡ್ಡನ್ನು ನೋಡಿ ಜನರನ್ನು ಬಿಡುತ್ತಾರೆ. ಎರಡನೆಯವರು ಜನರನ್ನು ನೋಡಿ ದುಡ್ಡನ್ನು ಬಿಡುತ್ತಾರೆ. ಇಬ್ಬರೂ ಕೇಳದ ಪ್ರಶ್ನೆಯನ್ನು ಎರಡನೇ ಹುಡುಗ ಕೇಳಿದ.

5

ಐವತ್ತು ವರ್ಷ ಅದು ಎಲ್ಲಿತ್ತು?

ಹಾಲ್ ಟುಲ್ಚಿನ್ ಎಂಬ ಬಿಳಿಯ ಟಿ.ವಿ. ನಿರ್ದೇಶಕ ಉತ್ಸವವನ್ನು ಸುಮಾರು 40 ಗಂಟೆ ವಿಡಿಯೊ ಮಾಡಿದ. ದೀಪಗಳಿಗೆ ದುಡ್ಡಿಲ್ಲದ್ದರಿಂದ ಇಳಿಬಿಸಿಲು ಬೀಳುವಂತೆ ವೇದಿಕೆಯನ್ನು ಪಡುವಣಕ್ಕೆ ಮುಖ ಮಾಡಿ ಕಟ್ಟಿದ್ದರು. ಆ ವರ್ಷವೇ ಕೆಲವು ಭಾಗಗಳು ಟಿ.ವಿ.ಯಲ್ಲಿ ಬಂದವು. ಆದ್ದರಿಂದ ಯಾರೂ ನೋಡಿಯೇ ಇರಲಿಲ್ಲ ಎಂಬ ಪ್ರಚಾರದ ಮಾತು ಪೂರ್ತಿ ಸರಿಯಲ್ಲ. ಆದರೆ ಪೂರ್ಣ ಚಿತ್ರಕ್ಕೆ ಟುಲ್ಚಿನ್ ಎಷ್ಟು ಅಲೆದರೂ ಕೊಳ್ಳುವವರು ಸಿಗಲಿಲ್ಲ. 'ಕರಿಯರ ವುಡ್‌ಸ್ಟಾಕ್' ಎಂದು ಹೆಸರಿಟ್ಟು ನೋಡಿದರೂ ಸಿಗಲಿಲ್ಲ. ಅದೇ ಆಗಸ್ಟ್‌ನಲ್ಲಿ ನೂರು ಮೈಲಿ ಆಚೆ ನಡೆದ ವುಡ್‌ಸ್ಟಾಕ್ ಉತ್ಸವ 1970ಕ್ಕೇ ಸಿನಿಮಾ ಆಗಿ, ಆಸ್ಕರ್ ಪಡೆದು, ಇಡೀ ತಲೆಮಾರಿನ ನೆನಪಾಯಿತು. ಹಾರ್ಲೆಮಿನ ಟೇಪುಗಳು ನೆಲಮಾಳಿಗೆಯ ಪೆಟ್ಟಿಗೆಯಲ್ಲಿ ಕೂತವು. ಟುಲ್ಚಿನ್ ಅವನ್ನು ಕಾಪಾಡಿ ಇಟ್ಟದ್ದಕ್ಕೆ ನಾವು ಕೃತಜ್ಞರಾಗಿರಬೇಕು. ಆತ 2017ರಲ್ಲಿ ತೀರಿಕೊಂಡ. ಆಮೇಲೆ ಕ್ವೆಸ್ಟ್‌ಲವ್ ಎಂದು ಹೆಸರಾದ ಕಪ್ಪು ಡ್ರಮ್ ವಾದಕ ಅದನ್ನು ಸಿನಿಮಾ ಮಾಡಿದರು. 2022ರಲ್ಲಿ ಆಸ್ಕರ್ ಬಂತು, ವುಡ್‌ಸ್ಟಾಕಿಗೆ ಬಂದು ಅರ್ಧ ಶತಮಾನದ ಮೇಲೆ.

ಆ ಸಿನಿಮಾದಲ್ಲಿ ಒಬ್ಬ ಮನುಷ್ಯ ಬರುತ್ತಾನೆ. ಎಳೆಯ ಮಗುವಾಗಿದ್ದಾಗ ಆ ಪಾರ್ಕಿಗೆ ಹೋಗಿದ್ದವನು. ತೆರೆಯ ಮೇಲೆ ಆ ದಿನಗಳನ್ನು ಮತ್ತೆ ನೋಡುತ್ತ ಅಳುತ್ತಾನೆ. ತನ್ನ ನೆನಪು ಭ್ರಮೆಯಾಗಿರಲಿಲ್ಲ ಎಂಬುದು ಖಾತ್ರಿಯಾಯಿತಲ್ಲ ಎಂಬ ಅಳು ಅದು. 3,00,000 ಜನ ಕಣ್ಣಾರೆ ಕಂಡದ್ದನ್ನು ಒಬ್ಬನು ತನ್ನ ಕನಸಿರಬೇಕು ಎಂದು ಅನುಮಾನಿಸುವ ಹಾಗೆ ಮಾಡಬಹುದು. ಅದಕ್ಕೆ ನಿಷೇಧ, ಸೆನ್ಸಾರು ಏನೂ ಬೇಕಿಲ್ಲ. ಕೊಳ್ಳದೆ ಸುಮ್ಮನಿದ್ದರೆ ಸಾಕು. ಅಗಸ್ಟಾ ಸ್ಯಾವೇಜರ ಶಿಲ್ಪಕ್ಕೆ ಆದದ್ದೇ ಇದಕ್ಕೂ ಆಯಿತು, ಬುಲ್ಡೋಜರ್ ಮಾತ್ರ ಬರಲಿಲ್ಲ.

ಅದೇ 1969ರ ಜನವರಿಯಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಾರ್ಲೆಮಿನ ಬಗ್ಗೆಯೇ ಒಂದು ದೊಡ್ಡ ಪ್ರದರ್ಶನ ಮಾಡಿತು. ಫೋಟೊಗಳಿದ್ದವು, ಧ್ವನಿಮುದ್ರಣವಿತ್ತು. ಹಾರ್ಲೆಮಿನ ಒಬ್ಬನೇ ಒಬ್ಬ ಚಿತ್ರಕಾರನ ಅಥವಾ ಶಿಲ್ಪಿಯ ಕೃತಿ ಇರಲಿಲ್ಲ. ಬೆನ್ನಿ ಆಂಡ್ರೂಸ್ ಮುಂತಾದ ಕಲಾವಿದರು ಫಲಕ ಹಿಡಿದು ಹೊರಗೆ ನಿಂತರು. ಕೇರಿ ವಸ್ತುವಾಗಬಹುದು, ಕರ್ತೃವಾಗಬಾರದು ಎಂಬ ಧೋರಣೆ. ನಮ್ಮ ಸಾಹಿತ್ಯ ಚರಿತ್ರೆಗಳನ್ನು ಓದಿದವರಿಗೆ ಇದರ ಗುರುತು ಸಿಗುತ್ತದೆ.

6

ಮೌಂಟ್ ಮಾರಿಸ್ ಪಾರ್ಕಿಗೆ 1973ರಲ್ಲಿ ಮಾರ್ಕಸ್ ಗಾರ್ವಿಯ ಹೆಸರಿಟ್ಟರು. 1920ರಲ್ಲಿ ಸಾವಿರಾರು ಜನರನ್ನು ಹಾರ್ಲೆಮಿನ ಬೀದಿಗಳಲ್ಲಿ ನಡೆಸಿ, ಕಪ್ಪು ಜನರ ಹಕ್ಕುಗಳನ್ನು ಸಾರಿದ, 1927ರಲ್ಲಿ ದೇಶದಿಂದ ಗಡೀಪಾರಾದ ಗಾರ್ವಿ. ಅದೇ ಪಾರ್ಕಿನೊಳಗಿನ ಬಯಲು ರಂಗಮಂದಿರಕ್ಕೆ ಮಾತ್ರ ಅದಕ್ಕೆ ದುಡ್ಡು ಕೊಟ್ಟ ಬಿಳಿಯ ಸಂಗೀತಗಾರ ರಿಚರ್ಡ್ ರಾಡ್ಜರ್ಸ್ ಅವರ ಹೆಸರು. ನೆಲಕ್ಕೆ ಒಂದು ಹೆಸರು, ವೇದಿಕೆಗೆ ಇನ್ನೊಂದು.

1974ರಲ್ಲಿ ಪರ್ಸಿ ಸಟನ್ ಮುಂತಾದವರು 'ಹಾರ್ಲೆಮ್ ಡೇ' ಶುರುಮಾಡಿದರು. ಸಟನ್ ಮಾಲ್ಕಂ ಎಕ್ಸ್ ಪರ ವಕಾಲತ್ತು ಮಾಡಿದ್ದವರು, ಆಗ ಮ್ಯಾನ್‌ಹಟನ್ ಬರೋ ಅಧ್ಯಕ್ಷರು. ಆ ದಶಕದಲ್ಲಿ ಮಧ್ಯ ಹಾರ್ಲೆಮ್ ತನ್ನ ಜನರಲ್ಲಿ ಸುಮಾರು ಮೂರನೇ ಒಂದು ಪಾಲು ಕಳೆದುಕೊಂಡಿತು. ಮಾಲೀಕರು ಮನೆಗಳನ್ನು ಕೈಬಿಟ್ಟಿದ್ದರು, ಕಟ್ಟಡಗಳು ಸುಟ್ಟು ನಿಂತಿದ್ದವು. ನಾವಿನ್ನೂ ಇದ್ದೇವೆ ಎಂದು ಹೇಳಿಕೊಳ್ಳುವ ಹಬ್ಬ ಅದು. ಅದು ಬೆಳೆದು 'ಹಾರ್ಲೆಮ್ ವೀಕ್' ಆಗಿ ಪ್ರತಿ ಆಗಸ್ಟ್‌ನಲ್ಲಿ ನಡೆಯುತ್ತ ಬಂದಿದೆ. ಈಗ ಅದರ ಮೇಲೆ ಬ್ಯಾಂಕುಗಳ, ಕಂಪನಿಗಳ ಬಾವುಟಗಳಿವೆ ಎನ್ನುವುದೂ ನಿಜ.

ಈಚಿನ ಕತೆ ಇನ್ನೂ ಕಹಿ. ಅದೇ ಗಾರ್ವಿ ಪಾರ್ಕಿನಲ್ಲಿ 1969ರಿಂದ ಶನಿವಾರ ಸಂಜೆಗಳಲ್ಲಿ ಆಫ್ರಿಕನ್ ಡ್ರಮ್ ಬಾರಿಸುವವರ ಒಂದು ಕೂಟ ಸೇರುತ್ತಿತ್ತು. 2000ದ ನಂತರ ಪಾರ್ಕಿನ ಎದುರು ದುಬಾರಿ ಫ್ಲಾಟುಗಳು ಬಂದವು, ಹೆಚ್ಚಾಗಿ ಬಿಳಿಯರೇ ಇದ್ದ ಹೊಸ ನಿವಾಸಿಗಳು ಬಂದರು. ಡ್ರಮ್ಮಿನ ಸದ್ದು ತಡೆಯಲಾಗುವುದಿಲ್ಲ ಎಂದು ಪೊಲೀಸರಿಗೆ ದೂರು ಕೊಟ್ಟರು. 2008ರ ಹೊತ್ತಿಗೆ ಅದು ದೊಡ್ಡ ಜಗಳವಾಯಿತು, ಡ್ರಮ್ಮಿನವರು ಪಾರ್ಕಿನ ಬೇರೆ ಮೂಲೆಗೆ ಸರಿಯಬೇಕಾಯಿತು. ಒಂದು ಕಾಲಕ್ಕೆ ಕೇರಿ ಸುಮ್ಮನಿರಲಿ ಎಂದು ನಗರ ತಾನೇ ಡ್ರಮ್ ಬಾರಿಸಲು ದುಡ್ಡು ಕೊಟ್ಟಿತ್ತು. ಕೇರಿಯ ನೆಲಕ್ಕೆ ಬೆಲೆ ಬಂದಮೇಲೆ ಅದೇ ಡ್ರಮ್ಮು ಗಲಾಟೆಯಾಯಿತು. 2017ರಲ್ಲಿ ರಿಯಲ್ ಎಸ್ಟೇಟಿನವರು ದಕ್ಷಿಣ ಹಾರ್ಲೆಮಿನ ಹೆಸರನ್ನೇ 'ಸೋಹಾ' ಎಂದು ಬದಲಿಸಲು ಹೊರಟರು. ಜನ ಸಿಟ್ಟಿಗೆದ್ದು ತಡೆದರು.

ಬಾಬಾಸಾಹೇಬರು ಓದಿದ ವಿಶ್ವವಿದ್ಯಾಲಯವೂ ಈ ಕತೆಯ ಹೊರಗಿಲ್ಲ. 1968ರಲ್ಲಿ ಕೊಲಂಬಿಯಾ ಆ ದಿಬ್ಬದ ಪಾರ್ಕಿನಲ್ಲಿ ವ್ಯಾಯಾಮಶಾಲೆ ಕಟ್ಟಲು ಹೊರಟಿತು. ವಿದ್ಯಾರ್ಥಿಗಳಿಗೆ ಮೇಲಿನ ಬಾಗಿಲು. ಹಾರ್ಲೆಮಿನವರಿಗೆ ಕೆಳಗಿನ ಬಾಗಿಲು, ಮತ್ತು ಒಂದು ಸಣ್ಣ ಭಾಗ. ಕಪ್ಪು ವಿದ್ಯಾರ್ಥಿಗಳು ಕಟ್ಟಡ ಹಿಡಿದು ಕೂತರು, ಕೇರಿಯವರು ಜೊತೆಗೆ ನಿಂತರು, ಯೋಜನೆ ಬಿದ್ದುಹೋಯಿತು. ಬೇರೆ ಬಾಗಿಲು ಎಂದರೇನು ಎಂದು ಸತಾರಾದ ಶಾಲೆಯಲ್ಲೇ ಕಲಿತಿದ್ದ ಆ ಹಳೆಯ ವಿದ್ಯಾರ್ಥಿ ಬದುಕಿದ್ದರೆ ಎಲ್ಲಿ ಕೂರುತ್ತಿದ್ದರು ಎಂದು ಊಹಿಸುವುದು ಕಷ್ಟವಲ್ಲ.

7

ದಲಿತ ವಿಮರ್ಶೆ ಇದರಿಂದ ಏನು ಕಲಿಯಬೇಕು? ಕೃತಿಯನ್ನು ಓದುವುದನ್ನು ನಾವು ಕಲಿತಿದ್ದೇವೆ. ಕೃತಿ ಎಲ್ಲಿ ಇಡಲ್ಪಟ್ಟಿದೆ, ಬೀಗದಕೈ ಯಾರ ಹತ್ತಿರ ಇದೆ ಎಂದು ಕೇಳುವುದನ್ನು ಅಷ್ಟಾಗಿ ಕಲಿತಿಲ್ಲ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪುಸ್ತಕವಾಯಿತು, ಹಾಗಾಗಿ ನಮ್ಮ ಕೈಯಲ್ಲಿದೆ. ಆ ಹಾಡುಗಳನ್ನು ಹಳ್ಳಿಹಳ್ಳಿಗೆ ಹೊತ್ತು ತಮಟೆ ಬಾರಿಸಿದವರು, ಧಾಟಿ ಕಟ್ಟಿದವರು, ಪದ ಸೇರಿಸಿದವರು ಪುಸ್ತಕದಲ್ಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಜಾಥಾಗಳಲ್ಲಿ ಹಾಡಿದ್ದ ಒಬ್ಬ ಅಕ್ಕನನ್ನು ಹುಡುಕಿಕೊಂಡು ಹೋಗಿದ್ದೆ. ಎರಡು ಕ್ಯಾಸೆಟ್ ತಂದಿಟ್ಟರು. ರೀಲಿಗೆ ಬೂಷ್ಟು ಹಿಡಿದಿತ್ತು. "ಆಗ ನೂರಾರು ಪದ ಬರ್ತಿತ್ತು ಕಣಪ್ಪ, ಈಗ ಕೇಳೋರಿಲ್ದೆ ನನ್ಗೇ ಮರ್ತೋಗೈತೆ" ಅಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ದೂರು ಇರಬೇಕಾದದ್ದು ನನ್ನಂಥವರ ಮೇಲೆ. ಅಲ್ಲಿಯವರೆಗೆ ನಾನು ಅವರ ಮನೆಗೆ ಹೋಗಿರಲಿಲ್ಲ.

ಸರ್ಕಾರದ ಉತ್ಸವಕ್ಕೆ ಹೋಗಬೇಕೋ ಬೇಡವೋ ಎಂಬ ಜಗಳದಲ್ಲಿ ನಾವು ಬಹಳ ಕಾಲ ಕಳೆದಿದ್ದೇವೆ. ಹಾರ್ಲೆಮಿನ ಚರಿತ್ರೆ ನೋಡಿದರೆ ಹೋಗಬಹುದು ಎನ್ನಿಸುತ್ತದೆ, ದುಡ್ಡು ಯಾರದ್ದೆಂದು ತಿಳಿದುಕೊಂಡು, ಧಾಟಿ ಎಲ್ಲಿ ಹೊರಳಿಸಬೇಕೆಂದು ಗೊತ್ತಿಟ್ಟುಕೊಂಡು. ಆದರೆ ಬರುವಾಗ ಬರಿಗೈಯಲ್ಲಿ ಬರಬಾರದು. ಶಾಂಬರ್ಗ್ ಗುಮಾಸ್ತನ ಸಂಬಳದಲ್ಲಿ ಮಾಡಿದ್ದನ್ನು ಯು.ಜಿ.ಸಿ. ಸಂಬಳ ತೆಗೆದುಕೊಳ್ಳುವ ನಾವು ಮಾಡಲಾಗದು ಎಂದರೆ ನಾಚಿಕೆಗೇಡು.

ಹಾಸ್ಟೆಲಿನಲ್ಲಿ ಈಗ ಒಂದು ಉದ್ದನೆಯ ರಿಜಿಸ್ಟರ್ ಇಟ್ಟಿದ್ದೇವೆ. ಎಲ್ಲಿ ಬಾರಿಸಿದೆವು, ಯಾರ್‍ಯಾರು ಇದ್ದರು, ಎಲ್ಲಿ ನಿಲ್ಲಿಸಿದರು, ಯಾರು ರೆಕಾರ್ಡ್ ಮಾಡಿಕೊಂಡರು, ಅದರ ಪ್ರತಿ ನಮಗೆ ಕೊಟ್ಟರೇ, ದುಡ್ಡು ಎಷ್ಟು, ಯಾರದು ಎಂದು ಕಾಲಂ ಹಾಕಿದ್ದೇವೆ. ಮೊದಲನೇ ಸಾಲು ಬರೆದವನು ಆ ಹುಡುಗನೇ. ಕೊನೆಯ ಕಾಲಂ ಮಾತ್ರ ಖಾಲಿ ಬಿಟ್ಟಿದ್ದಾನೆ. ಗೌರವಧನ ಇನ್ನೂ ಬಂದಿಲ್ಲವಂತೆ.